ಚೆಂಡಿನ ಕಡೆಗೆ ಹೋಗದ ಕೈ

ಬ್ಯಾಸ್ಕೆಟ್‌ಬಾಲ್ ಪಂದ್ಯದ ಕೊನೆಯ ಎರಡು ನಿಮಿಷ ಮುಗಿಯಲು ಕೆಲವೊಮ್ಮೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ನೋಡುವವರಿಗೆ ಅದೇ ಸುಖ. ನನಗೆ ಈಗೀಗ ಅದು ದಣಿವು. ಇಪ್ಪತ್ತೆರಡು ವರ್ಷಗಳಿಂದ ಪುಣೆಯ ಶಾಲೆ ಕಾಲೇಜುಗಳ ಅಂಗಳಗಳಲ್ಲಿ ರೆಫರಿಯಾಗಿ ಸೀಟಿ ಊದುತ್ತಿದ್ದೇನೆ. ವಾರದಲ್ಲಿ ಆರು ದಿನ ಊರಾಚೆ ಚಾಕಣದ ಒಂದು ಕಾರ್ಖಾನೆಯಲ್ಲಿ ಗಾಡಿಗಳ ಬಿಡಿಭಾಗ ತಪಾಸಣೆ ಮಾಡುತ್ತೇನೆ. ಭಾನುವಾರ ಬಂತೆಂದರೆ ಬೂದು ಬಣ್ಣದ ಅಂಗಿ, ಕಪ್ಪು ಪ್ಯಾಂಟು, ಕೊರಳಲ್ಲಿ ಸೀಟಿ. ಐವತ್ತನಾಲ್ಕು ದಾಟಿದ ಮೇಲೆ ಬಲಗಾಲಿನ ಮಂಡಿ ಮೂರನೆಯ ಕ್ವಾರ್ಟರಿನಲ್ಲೇ ದೂರು ಹೇಳಲು ಶುರುಮಾಡುತ್ತದೆ. ಆದರೆ ನನ್ನನ್ನು ನಿಜವಾಗಿ ದಣಿಸುವುದು ಓಟವಲ್ಲ, ಆ ಕೊನೆಯ ಎರಡು ನಿಮಿಷ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಸೋಲುತ್ತಿರುವ ತಂಡಕ್ಕೆ ಕೊನೆಯಲ್ಲಿ ಗಡಿಯಾರವೇ ವೈರಿ. ಮುಂದಿರುವವರು ಚೆಂಡು ಪುಟಿಸುತ್ತ ಹೊತ್ತು ಕಳೆದರೆ ಸಾಕು, ಗೆದ್ದಹಾಗೆ. ಗಡಿಯಾರ ನಿಲ್ಲಬೇಕೆಂದರೆ ಫೌಲ್ ಆಗಬೇಕು. ಹಾಗಾಗಿ ಸೋಲುತ್ತಿರುವವರು ಬೇಕಂತಲೇ ಫೌಲ್ ಮಾಡುತ್ತಾರೆ. ಎದುರಾಳಿಗೆ ಎರಡು ಫ್ರೀ ಥ್ರೋ, ಯಾರ ಅಡ್ಡಿಯೂ ಇಲ್ಲದ ಒಂದೊಂದು ಅಂಕದ ಎಸೆತಗಳು, ಸಿಗುತ್ತವೆ. ಎರಡನೆಯದು ತಪ್ಪಿದರೆ ಚೆಂಡು ತಮ್ಮ ಕೈಗೆ ಬಂದೀತೆಂಬ ಆಸೆ ಇವರದು. ಇದನ್ನು ಯಾರೂ ಮೋಸ ಅನ್ನುವುದಿಲ್ಲ, ಕೋಚ್‌ಗಳೇ ಕಲಿಸುತ್ತಾರೆ. ಆದರೆ ನಿಯಮ ಒಂದು ಗೆರೆ ಎಳೆದಿದೆ. ಫೌಲ್ ಮಾಡುವ ಕೈ ಚೆಂಡಿಗಾಗಿ ಹೋಗಿರಬೇಕು. ಚೆಂಡಿನ ಗೊಡವೆಯೇ ಇಲ್ಲದೆ ಎದುರಿನವರ ಮೈಯನ್ನೇ ಹಿಡಿದರೆ, ಅಂಗಿ ಜಗ್ಗಿದರೆ, ಅದು ದೊಡ್ಡ ಫೌಲ್. ನಿಯಮಪುಸ್ತಕದಲ್ಲಿ ಹೆಸರು ಬದಲಾಗಿ ಎಷ್ಟೋ ವರ್ಷವಾಯಿತು, ನಮ್ಮಂಥ ಹಳಬರು ಈಗಲೂ ಅದನ್ನು ‘ಇಂಟೆನ್ಷನಲ್’ ಎಂದೇ ಕರೆಯುತ್ತೇವೆ. ಅದನ್ನು ಕೊಟ್ಟರೆ ಎರಡು ಫ್ರೀ ಥ್ರೋ ಆದಮೇಲೂ ಚೆಂಡು ಎದುರಾಳಿಯದೇ. ಒಂದೇ ಪಂದ್ಯದಲ್ಲಿ ಎರಡು ಸಲ ಹಾಗೆ ಮಾಡಿದ ಆಟಗಾರ ಅಂಗಳ ಬಿಟ್ಟು ಹೋಗಬೇಕು.

ಎಲ್ಲರೂ ಬೇಕಂತಲೇ ಮಾಡುವ ಹೊತ್ತಿನಲ್ಲಿ, ಯಾರದು ಎಂಥ ಬೇಕಂತಲೇ ಎಂದು ಅರ್ಧ ಸೆಕೆಂಡಿನಲ್ಲಿ ಹೇಳುವುದು ನನ್ನ ಕೆಲಸ.

ಕಾರ್ಖಾನೆಯಲ್ಲಿ ಈ ಕಷ್ಟವಿಲ್ಲ. ಕೈಯಲ್ಲಿ ಅಳತೆಯ ಗೇಜ್ ಇರುತ್ತದೆ. ತೂತಿನೊಳಗೆ ಹೋದರೆ ಪಾಸು, ಹೋಗದಿದ್ದರೆ ಕೆಂಪು ಡಬ್ಬಿಗೆ. ಸಂಜೆ ಕಂಪನಿ ಬಸ್ಸಿನಲ್ಲಿ ಕೂತಾಗ ಯಾವ ತುಂಡೂ ನನ್ನ ಹಿಂದೆ ಮನೆಗೆ ಬರುವುದಿಲ್ಲ.

ಹೋದ ಏಪ್ರಿಲ್‌ನಲ್ಲಿ ಕಾಲೇಜು ಹುಡುಗಿಯರ ಒಂದು ಪಂದ್ಯಾವಳಿಯ ಸೆಮಿಫೈನಲ್ ಇತ್ತು. ತೆರೆದ ಅಂಗಳ, ಸಿಮೆಂಟಿನ ನೆಲ, ಮಧ್ಯಾಹ್ನ ಮೂರರ ಬಿಸಿಲು. ಬೂಟಿನ ಅಡಿಯಿಂದ ಕಾವು ಅಂಗಾಲಿಗೆ ಹತ್ತುತ್ತಿತ್ತು. ನನ್ನ ಜೊತೆ ಇನ್ನೊಬ್ಬ ರೆಫರಿಯಾಗಿ ಒಬ್ಬ ಮರಾಠಿ ಹೆಣ್ಣುಮಗಳಿದ್ದಳು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಬ್ಯಾಂಕಿನಲ್ಲಿ ಅಧಿಕಾರಿ, ನಿಯಮಪುಸ್ತಕವನ್ನು ಹನುಮಾನ್ ಚಾಲೀಸಾದ ಹಾಗೆ ಬಾಯಿಪಾಠ ಮಾಡಿಕೊಂಡವಳು. ಅವಳ ಜೊತೆ ಆಡಿಸುವುದು ನನಗೆ ನೆಮ್ಮದಿ.

ಕೆಂಪು ಅಂಗಿಯ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಸಪೂರ, ಎಡಗೈಯವಳು, ನಂಬರು ಒಂಬತ್ತು. ಎರಡನೆಯ ಕ್ವಾರ್ಟರಿನಲ್ಲಿ ಎದುರಾಳಿ ಒಬ್ಬಂಟಿಯಾಗಿ ಬುಟ್ಟಿಯ ಕಡೆ ಓಡುತ್ತಿದ್ದಾಗ ಇವಳು ಹಿಂದಿನಿಂದ ಅಂಗಿ ಜಗ್ಗಿದಳು. ಸೀಟಿ ಊದಿ, ಎರಡೂ ಕೈ ತಲೆಯ ಮೇಲೆತ್ತಿ, ಒಂದರ ಮಣಿಕಟ್ಟನ್ನು ಇನ್ನೊಂದರಿಂದ ಹಿಡಿದು ತೋರಿಸಿದೆ. ದೊಡ್ಡ ಫೌಲಿಗೆ ಅದೇ ಸನ್ನೆ. ಹುಡುಗಿ ತಲೆಯಾಡಿಸಿದಳು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆಟ ಕೊನೆಗೆ ಬಂದಾಗ ಕೆಂಪು ತಂಡ ಮೂರು ಅಂಕ ಹಿಂದಿತ್ತು. ನೀಲಿ ಅಂಗಿಯವರ ಕೈಯಲ್ಲಿ ಚೆಂಡು. ಮೂವತ್ತೈದು ಸೆಕೆಂಡು ಇದ್ದಾಗ ಕೆಂಪು ತಂಡದ ಒಬ್ಬ ದಪ್ಪನೆಯ ಹುಡುಗಿ ಚೆಂಡಿಗೆಂದು ಬೀಸಿದ ಕೈ ಎದುರಿನವಳ ಮೊಣಕೈಗೆ ಬಡಿಯಿತು. ಪಟ್ ಎಂಬ ಸದ್ದು ಮೆಟ್ಟಿಲುಗಳ ಮೇಲೆ ಕೂತವರಿಗೂ ಕೇಳಿಸಿತು. ಹೊಡೆತ ತಿಂದವಳು ಕೈ ಹಿಡಿದುಕೊಂಡು ಕೂತಳು. ಕೈ ಚೆಂಡಿಗಾಗಿಯೇ ಹೋಗಿತ್ತು, ಬೀಸು ಮಿತಿ ಮೀರಿರಲಿಲ್ಲ. ಸಾದಾ ಫೌಲ್ ಕೊಟ್ಟೆ. ನೀಲಿಯವರು ಒಂದು ಹಾಕಿದರು, ಕೆಂಪಿನವರು ಒಂದು ಫೌಲ್ ಗಿಟ್ಟಿಸಿ ಒಂದು ಹಾಕಿದರು. ಮತ್ತೆ ಮೂರೇ ಅಂಕದ ಅಂತರ. ಇಪ್ಪತ್ತೆರಡು ಸೆಕೆಂಡು ಉಳಿದಿತ್ತು.

ನೀಲಿ ತಂಡದ ನಾಯಕಿ ಚೆಂಡು ಪುಟಿಸುತ್ತ ನಡುಗೆರೆ ದಾಟಿದಳು. ಅವಳ ಎಡ ಮೊಣಕಾಲಿಗೆ ಕಪ್ಪು ಪಟ್ಟಿ ಇತ್ತು. ಕೆಂಪು ತಂಡದ ಕೋಚ್ ಬದಿಯಲ್ಲಿ ಕುಣಿಯುತ್ತ ಮರಾಠಿಯಲ್ಲಿ ಕೂಗುತ್ತಿದ್ದ, “ಧರ್ ತಿಲಾ! ಧರ್!” ಹಿಡಿ ಅವಳನ್ನ, ಹಿಡಿ. ಒಂಬತ್ತನೆಯ ನಂಬರಿನ ಹುಡುಗಿ ಹಿಂದಿನಿಂದ ಬಂದಳು. ಎರಡೂ ತೋಳು ಚಾಚಿ ನಾಯಕಿಯ ಸೊಂಟವನ್ನು ಬಳಸಿ ಹಿಡಿದಳು. ಜಗ್ಗಲಿಲ್ಲ, ತಳ್ಳಲಿಲ್ಲ. ಬಹಳ ದಿನದ ಮೇಲೆ ಸಿಕ್ಕ ಗೆಳತಿಯನ್ನು ಅಪ್ಪಿಕೊಂಡ ಹಾಗಿತ್ತು. ನಾಯಕಿ ಅಲ್ಲೇ ನಿಂತಳು. ಚೆಂಡು ತಾನಾಗಿ ಪುಟಿದು ಪಕ್ಕಕ್ಕೆ ಉರುಳಿತು.

ನಾನು ಎರಡು ಮಾರು ದೂರದಲ್ಲಿದ್ದೆ. ನೋಡಲಿಲ್ಲ ಎನ್ನುವ ಹಾಗಿರಲಿಲ್ಲ. ಸೀಟಿ ಊದಿ ಮಣಿಕಟ್ಟು ಹಿಡಿದೆ. ಎರಡನೆಯ ಸಲ. ಅಂದರೆ ಹುಡುಗಿ ಹೊರಗೆ.

ಅವಳಿಗೆ ಅದು ಕೂಡಲೇ ತಿಳಿಯಲಿಲ್ಲ. ಬೆಂಚಿನ ಕಡೆ ನೋಡಿದಳು. ಕೋಚ್ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟಿದ್ದ. ಹುಡುಗಿ ಅಂಗಳದ ನಡುವೆ ನಿಂತೇ ಇದ್ದಳು. ನಾನು ಹತ್ತಿರ ಹೋಗಿ ಮೆಲ್ಲಗೆ ಅಂದೆ. ಬಾಯಿಗೆ ಬಂದದ್ದು ಮರಾಠಿಯಲ್ಲ, ಯಾಕೋ ಕನ್ನಡವೇ ಬಂತು.

“ಹೋಗವಾ, ಹೊರಗ ಹೋಗ್ಬೇಕು ಈಗ.”

ಹುಡುಗಿ ತಟ್ಟನೆ ಮುಖವೆತ್ತಿ ನೋಡಿದಳು. ಆಗಲೇ ಅವಳಿಗೆ ಕನ್ನಡ ಗೊತ್ತೆಂದು ನನಗೆ ತಿಳಿದದ್ದು. ಆಮೇಲೆ ನಡೆದಳು. ಹೊರಗೆ ಹಾಕಿದವರು ಬಟ್ಟೆ ಬದಲಿಸುವ ಕೋಣೆಗೆ ಹೋಗಬೇಕು, ಆ ಅಂಗಳಕ್ಕೆ ಕೋಣೆಯಿರಲಿಲ್ಲ. ಗೇಟಿನಾಚೆ ಬೇವಿನ ಮರದ ಕೆಳಗೆ ಹೋಗಿ ನಿಂತಳು. ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಹೆಂಗಸು ಸೆರಗು ತಲೆಯ ಮೇಲೆ ಎಳೆದುಕೊಂಡು ಅವಳ ಹಿಂದೆಯೇ ಹೋದಳು. ನೀಲಿ ತಂಡ ಒಂದು ಫ್ರೀ ಥ್ರೋ ಹಾಕಿತು, ಚೆಂಡು ಇಟ್ಟುಕೊಂಡಿತು, ಗೆದ್ದಿತು.

“ಬರೋಬರ್ ಹೋತಾ ಸರ್,” ಎಂದಳು ನನ್ನ ಜೊತೆಗಾರ್ತಿ, ಅಂಕಗಳ ಹಾಳೆಗೆ ಸಹಿ ಹಾಕುತ್ತ. ಸರಿಯಾಗಿತ್ತು. ಸರಿಯಾಗಿತ್ತೆಂದು ನನಗೂ ಗೊತ್ತಿತ್ತು.

ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಆ ಹೆಂಗಸು ಬಂದಳು. ನಲವತ್ತರ ಆಸುಪಾಸು. ಕೈಯ ಬೆರಳ ಸಂದಿಗಳಲ್ಲಿ ಸಿಮೆಂಟು ಕಚ್ಚಿ ಚರ್ಮ ಬಿರಿದಿತ್ತು. ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಹುಡುಗಿ ನಿಂತು, “ಯವ್ವಾ, ಬ್ಯಾಡ ಬಾ,” ಎನ್ನುತ್ತಿದ್ದಳು.

“ಸಾಹೇಬ್ರ, ನಿಮಗ ಕನ್ನಡ ಬರ್ತದಂತ,” ಎಂದಳು ತಾಯಿ.

“ಬರ್ತದ್ರಿ ಅಕ್ಕಾರ. ಹೇಳ್ರಿ.”

“ನಮ್ ಹುಡುಗಿ ಏನ್ ತಪ್ಪು ಮಾಡ್ಯಾಳ್ರೀ? ಕಳವು ಮಾಡಿದವರ್ನ ಕಳಿಸಿದಂಗ ಕಳಿಸಿದ್ರಿ ಹೊರಾಗ.”

ಜಗಳದ ದನಿಯಲ್ಲ ಅದು. ನಿಜಕ್ಕೂ ತಿಳಿಯಬೇಕಾಗಿತ್ತು ಅವಳಿಗೆ. ಯಾದಗಿರಿ ಕಡೆಯವರಂತೆ. ಗಂಡ ಹೆಂಡತಿ ಹದಿನೈದು ವರ್ಷದಿಂದ ಇಲ್ಲಿ ಕಟ್ಟಡದ ಕೆಲಸ. ಮಗಳು ಇಲ್ಲೇ ಓದಿ, ಆಟದ ಮೇಲೆ ಕಾಲೇಜಿನಲ್ಲಿ ಸೀಟು ಪಡೆದವಳು. ಮಗಳ ಆಟ ನೋಡಲು ತಾಯಿ ಬಂದದ್ದು ಅದೇ ಮೊದಲ ಸಲ. ಇದು ಕಾಲೇಜಿನ ಕೊನೆಯ ವರ್ಷ, ಇನ್ನು ನೋಡಲು ಸಿಗುವುದಿಲ್ಲವೆಂದು ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು.

ನಾನು ಕಟ್ಟೆಯ ಮೇಲೆ ಕೂತು ಹೇಳಿದೆ. ಗಡಿಯಾರದ ವಿಷಯ, ಚೆಂಡಿನ ವಿಷಯ, ಕೈ ಎಲ್ಲಿಗೆ ಹೋಗಬೇಕು ಎನ್ನುವ ವಿಷಯ. ನೂರಾರು ಕೋಚ್‌ಗಳಿಗೆ ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿದ್ದು ಅದೇ ಮೊದಲು. ಹೇಳುತ್ತ ಹೋದ ಹಾಗೆ ನನ್ನ ಮಾತು ನನಗೇ ಜೊಳ್ಳು ಕಾಳಿನಂತೆ ಕಂಡಿತು. ಅವಳು ಪೂರ್ತಿ ಕೇಳಿದಳು.

“ಅದಕ್ಕ ಮೊದಲು ಆ ದಪ್ಪ ಹುಡುಗಿ ನೀಲಿ ಅಂಗಿಯಾಕಿ ಕೈಗಿ ಹೊಡದಳಲ್ರೀ. ಅಕಿ ಕಣ್ಣಾಗ ನೀರು ಬಂದ್ವು. ಹೊಡದಾಕಿನ್ನ ಹೊರಾಗ ಹಾಕ್ಲಿಲ್ಲ ನೀವು.”

“ಆಕಿ ಕೈ ಚೆಂಡಿಗಿ ಹೋಗಿತ್ರಿ. ನಡುವ ಕೈ ತಾಗ್ತು.”

“ನನ್ ಮಗಳು ಯಾರಿಗೂ ಹೊಡದಿಲ್ಲ.”

“ಹೊಡದಿಲ್ರಿ. ಖರೆ.”

“ಹೊಡದ್ರ ನಡೀತದ, ಅಪ್ಪಿಕೊಂಡ್ರ ತಪ್ಪು. ಹಂಗೇನ್ರೀ?”

ಹೌದು ಎನ್ನಬೇಕಾಗಿತ್ತು. ಹಾಗೆಯೇ ಇದೆ. ಆದರೆ ಹೌದೆಂದು ಬಾಯಿ ಬಿಡಲಾಗಲಿಲ್ಲ. ಹುಡುಗಿ ಆಗ ಮುಂದೆ ಬಂದು ತಾಯಿಯ ತೋಳು ಹಿಡಿದಳು.

“ಸರ್ ಸರಿ ಕೊಟ್ಟಾರ ಯವ್ವಾ. ನಂಗೂ ಗೊತ್ತದ.” ಆಮೇಲೆ ನನ್ನ ಕಡೆ ತಿರುಗಿ, ನೆಲ ನೋಡುತ್ತ ಹೇಳಿದಳು, “ನಾ ಹಿಡದ್ನಲ್ಲ, ಆಕಿ ಮೊಣಕಾಲು ಆಪರೇಶನ್ ಆಗ್ಯದ ಸರ್, ಹೋದ ವರ್ಷ. ನಾವಿಬ್ರೂ ಆಟದ ಕ್ಯಾಂಪಿನ್ಯಾಗ ಒಂದೇ ರೂಮಿನ್ಯಾಗ ಇದ್ದಿವಿ. ಚೆಂಡಿಗಿ ಕೈ ಹಾಕಿದ್ರ ಆಕಿ ಆ ಕಾಲಮ್ಯಾಲೇ ತಿರಗ್ತಾಳ. ಗೊತ್ತದ ನಂಗ, ಆಕಿ ಯಾವಾಗ್ಲೂ ಹಂಗೇ ತಿರಗ್ತಾಳ. ಅದಕ್ಕ ಹಿಡಕೊಂಡೆ. ಮೊದಲಿನ ಫೌಲ್ ನೆನಪೇ ಇರ್ಲಿಲ್ಲ ಸರ್.”

ನನಗೆ ತೋಚಿದ ಒಂದೇ ಮಾತು, “ಛಲೋ ಆಡ್ತೀ ನೀ,” ಎನ್ನುವುದು. ಅದನ್ನೇ ಅಂದೆ. ಅವಳು ಸಣ್ಣಗೆ ನಕ್ಕಳು. ತಾಯಿ ನಗಲಿಲ್ಲ. “ಬರ್ತೀವ್ರಿ ಯಣ್ಣಾ,” ಎಂದು ಮಗಳ ಚೀಲ ತಾನೇ ಹೆಗಲಿಗೆ ಹಾಕಿಕೊಂಡು ಹೋದಳು. ಆಮೇಲೆ ಅವರಿಬ್ಬರನ್ನೂ ನಾನು ನೋಡಿಲ್ಲ.

ಕಾತ್ರಜದಲ್ಲಿ ಎರಡನೆಯ ಮಹಡಿಯ ನಮ್ಮ ಮನೆಗೆ ಹತ್ತುವಾಗ ಮಂಡಿ ಚುಳುಕ್ಕೆನ್ನುತ್ತಿತ್ತು. ಹೆಂಡತಿ ಧಾರವಾಡದವಳು, ಮಾತು ಕಡಿಮೆ, ಮುಖ ನೋಡಿಯೇ ಅರ್ಧ ತಿಳಿಯುವವಳು. ಚಹಾ ಇಟ್ಟು ಎದುರು ಕೂತಳು. ನಡೆದದ್ದನ್ನು ಹೇಳಿದೆ.

“ನಿಮ್ಮ ಪುಸ್ತಕದಾಗ ಮನಸ್ಸಿನ ಬಗ್ಗೆ ಏನರೆ ಬರದದ ಏನು?” ಎಂದಳು.

“ಇಲ್ಲ. ಕೈ ಬಗ್ಗೆ ಬರದದ.”

“ಮತ್ತ ನೀವ್ಯಾಕ ಅಕಿ ಮನಸ್ಸಿಂದು ತಲೀಗಿ ಹಚ್ಚಿಕೊಂಡ್ರಿ? ಕೈಯಷ್ಟೇ ನೋಡ್ರಿ. ಅಷ್ಟಕ್ಕ ನಿಮ್ಮನ್ನ ಕರೀತಾರ.”

ಬುದ್ಧಿವಂತಿಕೆಯ ಮಾತು. ಆದರೆ ಆ ವಾರವೆಲ್ಲ ಕಂಪನಿ ಬಸ್ಸಿನಲ್ಲಿ ತಲೆ ಒರಗಿಸಿ ಕಣ್ಣು ಮುಚ್ಚಿದರೆ ಸೊಂಟ ಬಳಸಿದ ಆ ಎರಡು ತೋಳುಗಳೇ ಕಾಣುತ್ತಿದ್ದವು. ಇಪ್ಪತ್ತೆರಡು ವರ್ಷದಲ್ಲಿ ನಾನು ಹೀಗೆ ಎಷ್ಟು ಜನರನ್ನು ಹೊರಗೆ ಕಳಿಸಿರಬಹುದು, ಅವರಲ್ಲಿ ಎಷ್ಟು ಜನರಿಗೆ ಹೇಳಲು ಇಂಥದೊಂದು ಕಾರಣ ಇದ್ದಿರಬಹುದು ಎಂದು ಯೋಚಿಸುತ್ತಿದ್ದೆ. ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕೇಳುವುದು ರೆಫರಿಯ ಕೆಲಸವೂ ಅಲ್ಲ.

ಮೂರು ವಾರದ ನಂತರ ಇನ್ನೊಂದು ಪಂದ್ಯ. ಇದೂ ಹುಡುಗಿಯರದೇ, ಬೇರೆ ತಂಡಗಳು, ಮರದ ನೆಲದ ಒಳಾಂಗಣ. ಅದೇ ಜೊತೆಗಾರ್ತಿ. ಹಸಿರು ತಂಡ ಎರಡು ಅಂಕ ಮುಂದಿತ್ತು, ಹನ್ನೊಂದು ಸೆಕೆಂಡು ಬಾಕಿ. ಹಸಿರು ತಂಡದ ಎತ್ತರದ ಹುಡುಗಿ, ಎರಡು ಜಡೆಯವಳು, ಚೆಂಡು ಹಿಡಿದು ಮೂಲೆಯ ಕಡೆ ಹೊರಟಿದ್ದಳು. ಬಿಳಿ ತಂಡದವಳೊಬ್ಬಳು ಹಿಂದಿನಿಂದ ಬಂದು ಅವಳ ಸೊಂಟವನ್ನು ಎರಡೂ ಕೈಯಿಂದ ಹಿಡಿದಳು.

ನಾನೇ ಹತ್ತಿರವಿದ್ದೆ. ಜೊತೆಗಾರ್ತಿ ಆಚೆ ತುದಿಯಲ್ಲಿದ್ದಳು, ಅವಳಿಗೆ ಬೆನ್ನುಗಳಷ್ಟೇ ಕಾಣುತ್ತಿದ್ದವು. ಸೀಟಿ ಊದಿದೆ. ಬಲಗೈ ಮುಷ್ಟಿ ಮೇಲೆ ಹೋಯಿತು. ಎಡಗೈ ಹೋಗಲಿಲ್ಲ. ಅದು ಮೇಲೇರಿ ಮಣಿಕಟ್ಟನ್ನು ಹಿಡಿಯಬೇಕಾಗಿತ್ತು, ನನಗೆ ಗೊತ್ತಿತ್ತು. ಅದು ನನ್ನ ತೊಡೆಯ ಪಕ್ಕದಲ್ಲೇ ಉಳಿಯಿತು. ಆ ಕ್ಷಣದಲ್ಲಿ ನಾನು ನಿರ್ಧಾರ ಮಾಡಿದೆನೇ ಎಂದರೆ, ಇಲ್ಲ. ದಣಿದಿದ್ದೆ. ಇನ್ನೊಬ್ಬ ತಾಯಿ ಬಂದು ಕೇಳುವುದು ಬೇಡವಾಗಿತ್ತು. ಅಷ್ಟೇ.

ಸಾದಾ ಫೌಲ್, ಎರಡು ಫ್ರೀ ಥ್ರೋ. ಎರಡು ಜಡೆಯ ಹುಡುಗಿ ಮೊದಲನೆಯದನ್ನು ಹಾಕಿದಳು. ಎರಡನೆಯದು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಬಂತು. ನಾನು ದೊಡ್ಡ ಫೌಲ್ ಕೊಟ್ಟಿದ್ದರೆ ಅದು ತಪ್ಪಿದರೂ ಚೆಂಡು ಮತ್ತೆ ಅವರದೇ ಆಗುತ್ತಿತ್ತು. ಈಗ ಬಿಳಿ ತಂಡ ಚೆಂಡು ಕಸಿದುಕೊಂಡು ಓಡಿತು. ಗಂಟೆ ಬಾರಿಸುವ ಮುನ್ನ ಒಬ್ಬಳು ದೂರದಿಂದ ಎಸೆದ ಚೆಂಡು ನೇರ ಬುಟ್ಟಿಯೊಳಗೆ ಬಿತ್ತು. ಮೂರು ಅಂಕ. ಸಮ. ಹೆಚ್ಚುವರಿ ಐದು ನಿಮಿಷದಲ್ಲಿ ಹಸಿರು ಹುಡುಗಿಯರ ಕಾಲು ಏಳಲೇ ಇಲ್ಲ. ಸೋತರು.

ಹಸಿರು ತಂಡದ ಕೋಚ್ ನನಗಿಂತ ಹಿರಿಯ, ಶಾಲೆಯೊಂದರ ನಿವೃತ್ತ ದೈಹಿಕ ಶಿಕ್ಷಕ. ಕೂಗಾಡುವ ಮನುಷ್ಯನಲ್ಲ. ಹಾಳೆಗೆ ಸಹಿ ಹಾಕಿ ಪೆನ್ನು ವಾಪಸು ಕೊಡುವಾಗ ಮೆಲ್ಲಗೆ ಕೇಳಿದ, “ಸರ್, ತುಮ್ಹೀ ಪಾಹಿಲಂತ ನಾ?” ನೀವು ನೋಡಿದಿರಿ ತಾನೆ?

ನೋಡಿದ್ದೆ. ಪೆನ್ನು ಜೇಬಿಗೆ ಹಾಕಿಕೊಂಡೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಷ್ಟು ಬೈಗುಳ ಕೇಳಿಲ್ಲ ಈ ಕಿವಿ! ಆದರೆ ಆಚೆ ಬೆಂಚಿನ ತುದಿಯಲ್ಲಿ ಎರಡು ಜಡೆಯ ಹುಡುಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಪಕ್ಕದವಳು ಬೆನ್ನು ತಟ್ಟುತ್ತಿದ್ದಳು. ಉಳಿದವರು ಅವಳ ಕಡೆ ನೋಡದೆ ಬೂಟಿನ ದಾರ ಬಿಚ್ಚುತ್ತಿದ್ದರು. ತಪ್ಪಿದ ಆ ಒಂದು ಎಸೆತದಿಂದಲೇ ಎಲ್ಲ ಹೋಯಿತೆಂದು ಅವಳು ತಿಳಿದಿದ್ದಳು. ಗೆಳತಿಯರೂ ಹಾಗೆಯೇ ತಿಳಿದಿದ್ದರು. ಯಾದಗಿರಿಯ ತಾಯಿಗೆ ಉತ್ತರ ಕೊಡಲಾಗದ ನನ್ನ ಸಂಕಟವನ್ನು ನಾನು ತಂದು ಈ ಗುರುತಿಲ್ಲದ ಹುಡುಗಿಯ ತಲೆಯ ಮೇಲೆ ಇಳಿಸಿಬಿಟ್ಟಿದ್ದೆ.

ಪಂದ್ಯ ಮುಗಿದ ಮೇಲೆ ರೆಫರಿ ಆಟಗಾರರ ಬೆಂಚಿಗೆ ಹೋಗಬಾರದು. ಹೋದೆ. ಕೋಚ್ ಎದ್ದು ನಿಂತ. ನಾನು ಮರಾಠಿಯಲ್ಲಿ ಹುಡುಗಿಗೆ ಹೇಳಿದೆ: ಅದು ದೊಡ್ಡ ಫೌಲ್ ಆಗಿತ್ತು, ನಾನು ಕೊಡಬೇಕಾಗಿತ್ತು, ಕೊಡಲಿಲ್ಲ. ಚೆಂಡು ನಿಮಗೇ ಬರಬೇಕಾಗಿತ್ತು. ತಪ್ಪು ನನ್ನದು, ನಿನ್ನ ಎಸೆತದ್ದಲ್ಲ.

ಹುಡುಗಿ ಟವೆಲ್ಲು ಇಳಿಸಿ ನೋಡಿದಳು. ಸಮಾಧಾನವಾಗಬಹುದೆಂದುಕೊಂಡಿದ್ದೆ. ಅವಳ ಮುಖದಲ್ಲಿ ಬಂದದ್ದು ಸಿಟ್ಟು.

“ಮತ್ತೆ ಯಾಕೆ ಕೊಡಲಿಲ್ಲ?” ಎಂದಳು.

ಏಪ್ರಿಲ್ ತಿಂಗಳ ಬೇರೊಂದು ಅಂಗಳದ ಕಥೆ ಹೇಳಲೇ? “ಚೂಕ್ ಝಾಲೀ,” ತಪ್ಪಾಯಿತು ಎಂದು ಹೇಳಿ ಬಂದುಬಿಟ್ಟೆ.

ಹೊರಗೆ ಸ್ಕೂಟರುಗಳ ಹತ್ತಿರ ಜೊತೆಗಾರ್ತಿ ನನ್ನನ್ನು ತಡೆದಳು. ಅವಳ ಕಣ್ಣು ಕೆಂಪಾಗಿತ್ತು. ಇಂಥ ಮಾತನ್ನು ಆಟಗಾರರ ಮುಂದೆ ಆಡಬಹುದೇ ಸರ್, ನಾಳೆ ನಮ್ಮಲ್ಲಿ ಯಾರನ್ನು ನಂಬುತ್ತಾರೆ, ಎಂದು ಕೇಳಿದಳು. ಆಮೇಲೆ ದನಿ ತಗ್ಗಿಸಿ, ನಿಮಗೆ ಕಾಣಲಿಲ್ಲವೇ, ಎಂದಳು. ಕಂಡಿತು ಎಂದೆ. ಅವಳು, ಹಾಗಾದರೆ ಅದನ್ನು ಬರೆದು ಕೊಡಿ, ಎಂದಷ್ಟೇ ಹೇಳಿ ಹೆಲ್ಮೆಟ್ ಹಾಕಿಕೊಂಡಳು.

ಬರೆದು ಕೊಟ್ಟೆ. ರೆಫರಿಗಳನ್ನು ನೇಮಿಸುವ ಸಮಿತಿಗೆ ಒಂದು ಪುಟ. ಕಾಣಲಿಲ್ಲ ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರೆಫರಿಗೆ ಕಾಣದಿರುವುದು ದಿನವೂ ನಡೆಯುವ ಮಾತು. ಕಂಡೂ ಕೊಡಲಿಲ್ಲ ಎಂದು ಬರೆದೆ. ಸಮಿತಿಯವರು ಕರೆಸಿದರು. ಮೂವರು ಕೂತಿದ್ದರು, ಮೂವರೂ ಹಳೆಯ ಗೆಳೆಯರೇ. ಯಾರಾದರೂ ಒತ್ತಡ ಹಾಕಿದ್ದರೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಯಾಕೆ ಎಂದರು. ಬೇಸರವಾಗಿತ್ತು ಎಂದೆ. ಅವರಲ್ಲಿ ಹಿರಿಯರಾದವರು ಕನ್ನಡಕ ತೆಗೆದು ಒರೆಸುತ್ತ, “ಹಾಗಾದರೆ ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ,” ಎಂದರು. ಶಿಕ್ಷೆಗೂ ಕರುಣೆಗೂ ಅವರು ಅದೊಂದೇ ಮಾತು ಬಳಸಿದರು. ಫಲಿತಾಂಶ ಬದಲಾಗಲಿಲ್ಲ, ಬದಲಾಗುವುದೂ ಇಲ್ಲ. ನನಗೆ ಆ ಹಂಗಾಮು ಮುಗಿಯುವವರೆಗೆ ಪಂದ್ಯ ಸಿಗಲಿಲ್ಲ.

ಭಾನುವಾರಗಳು ಉದ್ದವಾದವು. ಮೊದಲ ಭಾನುವಾರ ಹೆಂಡತಿಯ ಜೊತೆ ತರಕಾರಿ ಪೇಟೆಗೆ ಹೋಗಿ ಸೊಪ್ಪು, ಮೂಲಂಗಿ ತಂದೆ. ಎರಡನೆಯದನ್ನು ಮಲಗಿಯೇ ಕಳೆದೆ. ಮೂರನೆಯ ಭಾನುವಾರ ಹತ್ತಿರದ ಶಾಲೆಯ ಅಂಗಳದಿಂದ ಚೆಂಡು ಪುಟಿಯುವ ಸದ್ದು ಬಂದಾಗ ಕಿಟಕಿ ಹಾಕಿದೆ. ಹೆಂಡತಿ ಜೋಳದ ಹಿಟ್ಟು ನಾದುತ್ತಿದ್ದವಳು ನನ್ನನ್ನು ನೋಡಿದಳು.

“ಬಿಟ್ಟುಬಿಡ್ರಿ ಅಂತ ನಾನೇ ಭಾಳ ವರ್ಷದಿಂದ ಅಂತಿದ್ದೆ,” ಎಂದಳು. “ಈಗ ಮನಿಯೊಳಗ ಕುಂತಿದ್ದ ನೋಡಿದ್ರ ಬ್ಯಾಡ ಅನಸ್ತದ.”

“ಬಿಡಲಿಲ್ಲಲ, ಬಿಡಿಸಿದ್ರು.”

“ತಪ್ಪು ಮಾಡಿದ್ರಿ, ಒಪ್ಪಿಕೊಂಡ್ರಿ. ಇನ್ನೇನದ? ಆ ಮೊದಲನೇ ಹುಡುಗಿದು ತಪ್ಪಾಗಿತ್ತೇನು?”

“ಇಲ್ಲ. ಅದು ಸರಿ ಇತ್ತು.”

“ಸರಿ ಇದ್ದದ್ದಕ್ಕ ಇಷ್ಟು ಹಳಹಳಿಸಿದ್ರಿ, ಮತ್ತ ತಪ್ಪು ಮಾಡಿ ಸಮಾಧಾನ ಮಾಡಿಕೊಳ್ಳಾಕ ಹೋದ್ರಿ. ಸಮಾಧಾನ ಆತೇನು?”

ಆಗಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ನಾನು ಎದ್ದು ತಾಟು ತೊಳೆದಿಟ್ಟೆ.

ಮಳೆಗಾಲ ಕಳೆದ ಮೇಲೆ ಸಮಿತಿಯಿಂದ ಫೋನು ಬಂತು. ಚಿಕ್ಕ ಪಂದ್ಯಗಳಿಂದ ಶುರುಮಾಡಿ ಎಂದರು. ಹೋದೆ. ದೀಪಾವಳಿಯ ಹೊತ್ತಿಗೆ ಮತ್ತೆ ಕಾಲೇಜಿನ ಪಂದ್ಯಗಳು ಬಂದವು. ಅವುಗಳಲ್ಲಿ ಒಂದು ಹುಡುಗರ ಪಂದ್ಯ, ನನ್ನ ಜೊತೆ ಅದೇ ಬ್ಯಾಂಕಿನ ಹೆಣ್ಣುಮಗಳು. ನನ್ನನ್ನು ನೋಡಿ ಅವಳು ತನ್ನ ನೀರಿನ ಬಾಟಲಿ ಮುಂದೆ ಚಾಚಿದಳು. ಹದಿನೆಂಟು ಸೆಕೆಂಡು ಇದ್ದಾಗ, ನಾಲ್ಕು ಅಂಕ ಹಿಂದಿದ್ದ ತಂಡದ ಒಬ್ಬ ಹುಡುಗ ಎದುರಿನವನ ಅಂಗಿಯನ್ನು ಹಿಂದಿನಿಂದ ಹಿಡಿದು ನಿಂತ. ಚೆಂಡು ಒಂದು ಮಾರು ಮುಂದಿತ್ತು. ಸೀಟಿ ಊದಿ ಎರಡೂ ಕೈ ಮೇಲೆತ್ತಿದೆ. ಹುಡುಗ ಓಡಿ ಬಂದ.

“ಸರ್, ಬಾಲ್ ಸಾಠೀ ಗೇಲೋ ಹೋತೋ!” ಚೆಂಡಿಗೇ ಹೋಗಿದ್ದೆ ಎನ್ನುತ್ತಿದ್ದ. ಕಣ್ಣಲ್ಲಿ ನೀರು ತುಂಬಿತ್ತು.

ಅವನ ಬಳಿಯೂ ಏನೋ ಕಾರಣವಿದ್ದಿರಬೇಕು. ಮೆಟ್ಟಿಲ ಮೇಲೆ ಅವನವರು ಯಾರೋ ಕೂತಿದ್ದಿರಬೇಕು. ಅವನ ಹೆಗಲು ಒಂದು ಸಲ ಮುಟ್ಟಿ, ಮೇಜಿನ ಕಡೆ ನಡೆದೆ. ಅಂಕ ಬರೆಯುವವರಿಗೆ ಅವನ ನಂಬರು ಬೆರಳಿನಲ್ಲಿ ತೋರಿಸಿದೆ, ಮತ್ತೆ ಮಣಿಕಟ್ಟು ಹಿಡಿದೆ, ಎರಡು ಫ್ರೀ ಥ್ರೋ ಎಂದೆ. ಹಿಂದಿನಿಂದ ಅವನ ಕೋಚ್ ನನ್ನ ವಯಸ್ಸನ್ನೂ ಕಣ್ಣನ್ನೂ ಸೇರಿಸಿ ಏನೋ ಕೂಗಿದ. ಗಡಿಯಾರ ನಿಂತಿತ್ತು. ಚೆಂಡನ್ನು ಕೈಗೆತ್ತಿಕೊಂಡು, ಎಸೆಯಬೇಕಾದವನು ಗೆರೆಗೆ ಬಂದು ನಿಲ್ಲಲಿ ಎಂದು ಕಾಯುತ್ತ ನಿಂತೆ.